ಎರಡನೆಯ ಪಂಕ್ತಿಯ ಸೋರೆಕಾಯಿ ಪಲ್ಯ

ಶಾಲಿವಾಹನ ಶಕೆ ೨೦೯೪, ಆಂಗೀರಸ ಸಂವತ್ಸರದ ವೈಶಾಖ ಶುದ್ಧ ದಶಮಿ
ಮೇಲ್ಕಟ್ಟೆ, ತುಂಗಭದ್ರೆಯ ಉತ್ತರ ದಂಡೆ

ವಾರಕ್ಕೊಮ್ಮೆ ಸಂತೆಗೆ ಹೋಗಿ ಕೈಚೀಲ ತುಂಬಿಕೊಂಡು ಬರುವವರಿಗೆ, ತಾರಿಣಿ ಮುಳಗುಂದ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖನ್ನು ಕಂಡು, ಬರೆದವಳಿಗೆ ತಲೆ ಸರಿಯಿಲ್ಲ ಎಂದು ನೀವು ಅಂದುಕೊಂಡಿದ್ದರೆ ಅದು ನಿಮ್ಮ ತಪ್ಪಲ್ಲ. ನೀವು ಇದನ್ನು ಓದುವ ಹೊತ್ತಿಗೆ ನಾನು ಹುಟ್ಟುವುದಕ್ಕೆ ಇನ್ನೂ ನೂರು ವರ್ಷ ಬಾಕಿ ಇದೆ. ನಮ್ಮಲ್ಲಿ ಹಿಂದಂಚೆ ಎಂಬ ಒಂದು ಏರ್ಪಾಡು ಇದೆ. ಪ್ರತಿಯೊಬ್ಬರಿಗೂ ಜೀವಮಾನದಲ್ಲಿ ಒಂದೇ ಕಾಗದವನ್ನು ಹಿಂದಿನ ಕಾಲಕ್ಕೆ ಕಳಿಸುವ ಹಕ್ಕು. ಅದು ಮುಟ್ಟುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಅಲ್ಲಿಂದ ಉತ್ತರ ಬರುವುದಿಲ್ಲ. ಹೆಚ್ಚಿನವರು ತೀರಿಹೋದ ತಾಯಿಗೋ ತಂದೆಗೋ ಬರೆಯುತ್ತಾರೆ. ನಾನು ಗುರುತಿಲ್ಲದ ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಅಡುಗೆ ಪುಸ್ತಕಗಳಿಂದ. ಆದ್ದರಿಂದ ದುಃಖದ ಮಾತು ಹೇಳುವಾಗಲೂ ಒಗ್ಗರಣೆಯ ಪದಗಳೇ ನಡುವೆ ಬಂದರೆ ದಯವಿಟ್ಟು ಸೈರಿಸಿಕೊಳ್ಳಿ.

ನನಗೆ ನಲವತ್ತಾರು ವರ್ಷ. ಹೋದ ವರ್ಷದವರೆಗೆ ನಾನು ನಮ್ಮ ಓಣಿಯ ಊಟಮನೆಯ ಅಡುಗೆಯವಳಾಗಿದ್ದೆ. ಅಡುಗೆಯವಳು ಎಂಬ ಮಾತು ನಿಮಗೆ ಸಣ್ಣದಾಗಿ ಕೇಳಿಸಬಹುದು. ನಮ್ಮಲ್ಲಿ ಹಾಗಲ್ಲ. ಮೇಲ್ಕಟ್ಟೆಯ ನಾಲ್ಕು ಸಾವಿರ ಜನರಲ್ಲಿ ಒಲೆ ಹಚ್ಚುವ ಪರವಾನಿಗೆ ಇದ್ದವರು ಮೂವರೇ. ಉಳಿದವರು ತಿನ್ನುವುದು ಅಡಕ. ಅಡಕವೆಂದರೆ ಮಾಡಗಳೊಳಗೆ, ಅಂದರೆ ಮೇಲೂ ಸುತ್ತಲೂ ಮುಚ್ಚಿದ ದೊಡ್ಡ ಮನೆಗಳಲ್ಲಿ ಬೆಳೆದ ಕಾಳನ್ನು ಅರೆದು, ಒತ್ತಿ, ಬಿಲ್ಲೆ ಮಾಡಿ ಕೊಡುವ ಆಹಾರ. ಬಿಸಿನೀರಿನಲ್ಲಿ ನೆನೆಸಿದರೆ ಅನ್ನದಂತೆ ಅರಳುತ್ತದೆ. ಹಸಿವು ಹೋಗುತ್ತದೆ, ಮೈಗೆ ಬೇಕಾದದ್ದೆಲ್ಲ ಅದರಲ್ಲಿದೆ, ಅದನ್ನು ದೂರುವುದು ಸರಿಯಲ್ಲ. ಉಪ್ಪು, ಹುಳಿ, ಸಿಹಿ, ಖಾರ ಎಂದು ನಾಲ್ಕು ಬಗೆ. ಕಹಿಯ ಬಗೆ ಇಲ್ಲ. ಕಹಿಯನ್ನು ಯಾರು ಕೇಳುತ್ತಾರೆ ಎಂದು ಬಹುಶಃ ಮೊದಲು ಮಾಡಿದವರು ಬಿಟ್ಟಿರಬೇಕು. ಆಮೇಲೆ ಯಾರಿಗೂ ಅದರ ನೆನಪು ಬರಲಿಲ್ಲ.

ನಾನು ಹುಟ್ಟುವ ಮುಂಚೆಯೇ, ಎಲೆಬೇಗೆ ಎಂಬ ರೋಗ ಬಯಲಿನ ಬೆಳೆಗಳಿಗೆಲ್ಲ ಬಡಿದಿತ್ತು. ತಿಂದವರೂ ಮಲಗಿದರು. ಸರಕಾರ ಬಯಲಿನಲ್ಲಿ ಬೆಳೆದ ಯಾವುದನ್ನೂ ಬಾಯಿಗೆ ಇಡಕೂಡದೆಂದು ಕಟ್ಟುನಿಟ್ಟು ಮಾಡಿತು. ಸಂತೆಗಳು ನಿಂತವು. ಒಂದೆರಡು ವರ್ಷದ ಮಾತು ಅಂದುಕೊಂಡದ್ದು ಅರವತ್ತೊಂದು ವರ್ಷ ನಡೆಯಿತು. ಮಾವಿನ ಗಿಡಗಳು ಬೇಲಿಯಾಚೆ ಕಾಯಿ ಬಿಟ್ಟು ಉದುರಿಸುತ್ತಲೇ ಇದ್ದವು, ನಾವು ನೋಡುತ್ತಲೇ ಇದ್ದೆವು. ಕೊನೆಗೆ ಎರಡು ವರ್ಷದ ಹಿಂದೆ ಮಣ್ಣು ಪರೀಕ್ಷೆ ಮಾಡಿದವರು ನೆಲ ಶುದ್ಧವಾಗಿದೆ ಎಂದರು. ಊರ ಹೊರಗೆ ಹತ್ತು ಕುಟುಂಬಗಳಿಗೆ ಬಯಲಿನಲ್ಲಿ ಬೆಳೆಯಲು ಅಪ್ಪಣೆಯಾಯಿತು. ಹೋದ ವರ್ಷ ಯುಗಾದಿಯ ದಿನ ಮೊದಲ ಸಂತೆ.

ಆ ಸಂತೆಗಾಗಿ ಹನ್ನೆರಡು ವರ್ಷ ಅರ್ಜಿ ಬರೆದವರು ರೇವಣಪ್ಪ ಮಾಸ್ತರರು. ನಮ್ಮ ಓಣಿಯ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದವರು. ನಿಮ್ಮ ಕಾಲದ ಅಡುಗೆ ಪುಸ್ತಕಗಳನ್ನು ಎಲ್ಲಿಂದಲೋ ಹುಡುಕಿ ತಂದು ನನ್ನ ಕೈಗಿಟ್ಟವರೂ ಅವರೇ. ಸಂತೆಗಳು ಮುಚ್ಚಿದಾಗ ಅವರಿಗೆ ಐದು ವರ್ಷವಂತೆ. ತಾಯಿಯ ಸೊಂಟದ ಮೇಲೆ ಕುಳಿತು ಹಸಿ ಬಟಾಣಿ ತಿಂದದ್ದೊಂದೇ ಅವರಿಗಿದ್ದ ನೆನಪು. ಅವರ ಮಗಳು ಶಶಿರೇಖಾ ಊಟಮನೆಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದಳು. ನನಗಿಂತ ಎಂಟು ವರ್ಷ ಚಿಕ್ಕವಳು. ಸ್ವಂತ ತಂಗಿಯಿದ್ದರೂ ಅಷ್ಟು ಹಚ್ಚಿಕೊಳ್ಳುತ್ತಿರಲಿಲ್ಲವೇನೋ.

ಸೂರ್ಯ ಹುಟ್ಟುವಾಗಲೇ ನಾವು ಮೂವರೂ ಸಂತೆಯ ಬಯಲಿನಲ್ಲಿದ್ದೆವು. ನಿಮಗೆ ದಿನನಿತ್ಯದ ನೋಟವನ್ನು ನಾನು ವರ್ಣಿಸುವುದು ಹಾಸ್ಯವಾಗಿ ಕಾಣಬಹುದು, ಆದರೂ ಬರೆಯದೆ ಇರಲಾರೆ. ಹತ್ತು ಗೋಣಿತಟ್ಟು ಹಾಸಿದ್ದರು, ಹತ್ತೇ. ಅವುಗಳ ಮೇಲೆ ನೀರು ಚಿಮುಕಿಸಿದ ಸೊಪ್ಪು. ಮೆಂತ್ಯದ ಕಟ್ಟುಗಳ ಬೇರಿನಲ್ಲಿ ಇನ್ನೂ ಮಣ್ಣಿತ್ತು. ಹುಣಸೆಯ ಚಿಗುರು ಎಳೆಯ ಮಗುವಿನ ಅಂಗೈಯಂತೆ ಕೆಂಪಗೆ, ಮುಟ್ಟಿದರೆ ಬಾಡೀತೇನೋ ಎನ್ನುವಷ್ಟು ನಯ. ನುಗ್ಗೆಕಾಯಿ, ತೊಟ್ಟಿನಿಂದ ಸೊನೆ ಒಸರುವ ಮಾವಿನಕಾಯಿ, ತಪ್ಪಲು ಸಹಿತ ಕಿತ್ತ ಉಳ್ಳಾಗಡ್ಡಿ, ಬೇವಿನ ಹೂವು. ಜನ ಮುತ್ತಿಗೆ ಹಾಕಲಿಲ್ಲ. ದೂರ ನಿಂತು ನೋಡಿದರು. ಕೆಲವರು ಮೂಗು ಮುಚ್ಚಿಕೊಂಡರು, ಕೆಲವರು ಅತ್ತರು. ಮಾಸ್ತರರು ಒಂದು ಮಾವಿನಕಾಯಿಯನ್ನು ಮೂಸಿ, ಕಣ್ಣು ಮುಚ್ಚಿ, ಬಹಳ ಹೊತ್ತು ಹಾಗೆಯೇ ನಿಂತರು.

ಸೋರೆಕಾಯಿ ಇದ್ದದ್ದು ದ್ಯಾಮವ್ವನ ಹತ್ತಿರ ಮಾತ್ರ. ಎಂಬತ್ನಾಲ್ಕು ವರ್ಷದ ಮುದುಕಿ. ಸಂತೆಗಳು ಮುಚ್ಚಿದಾಗ ಇಪ್ಪತ್ತಮೂರು ವರ್ಷದ ಸೊಸೆ. ತಾಯಿ ಕೊಟ್ಟ ಬೀಜಗಳನ್ನು ಬೂದಿಯಲ್ಲಿ ಹೊರಳಿಸಿ, ಗಡಿಗೆಯಲ್ಲಿ ಹಾಕಿ, ಬಾಯಿಗೆ ಮಣ್ಣು ಮೆತ್ತಿ ಇಟ್ಟಿದ್ದಳು. ಬೀಜ ಮುಪ್ಪಾಗಬಾರದೆಂದು ಕೆಲವು ವರ್ಷಕ್ಕೊಮ್ಮೆ ಹಿತ್ತಿಲಲ್ಲಿ ಗುಟ್ಟಾಗಿ ಎರಡು ಬಳ್ಳಿ ಹಬ್ಬಿಸಿ, ಹೊಸ ಬೀಜ ಹಿಡಿದು, ಕಾಯನ್ನು ಹೂಳುತ್ತಿದ್ದಳಂತೆ. ತಿನ್ನುತ್ತಿರಲಿಲ್ಲ. ಕಾನೂನಿಗೆ ಹೆದರಿ ಅಲ್ಲ. ಊರೆಲ್ಲ ಬಿಲ್ಲೆ ತಿನ್ನುವಾಗ ತಾನೊಬ್ಬಳೇ ಹೇಗೆ ತಿನ್ನಲಿ ಎಂದು.

ನಾನು ಏಳು ಸೋರೆಕಾಯಿ ಆರಿಸಿಕೊಂಡೆ. ಆಕೆ ನನ್ನ ಚೀಲಕ್ಕೆ ಹಾಕುತ್ತ ಹೇಳಿದ ಮಾತು ಇದು:

"ತಂಗಿ, ಹೆಚ್ಚೂ ಮೊದಲ ಒಂದೊಂದು ಕಾಯಿದೂ ತುದಿ ಕೊಯ್ದು ನಾಲಗಿಗೆ ಹಚ್ಚಿ ನೋಡು. ಒಂದನ್ನೂ ಬಿಡಬ್ಯಾಡ ಮತ್ತ. ಕಹಿ ಇದ್ದದ್ದನ್ನ ತಿಪ್ಪಿಗೆ ಒಗಿ."

"ಆಗಲಿ ಅಜ್ಜಿ," ಎಂದೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಮಾಸ್ತರರು ಮಾವಿನಕಾಯಿಯ ಹತ್ತಿರ, ಶಶಿರೇಖಾ ಹುಣಸೆ ಚಿಗುರಿನ ಹತ್ತಿರ. ಯಾಕೆ ಎಂದು ನಾನು ಕೇಳಲಿಲ್ಲ. ಕಹಿ ಕಾಯಿ ಹಾಕಿದರೆ ಪಲ್ಯದ ರುಚಿ ಕೆಡುತ್ತದೆ, ಅಷ್ಟೇ ಇರಬೇಕು ಎಂದುಕೊಂಡೆ.

ಆ ದಿನ ಊಟಮನೆಯಲ್ಲಿ ಹಬ್ಬದ ಊಟಕ್ಕೆ ಬರುವವರು ಎಪ್ಪತ್ತೆರಡು ಜನ. ಮೊದಲ ಪಂಕ್ತಿ ಅರವತ್ತು, ಬಡಿಸಿ ಓಡಾಡಿದವರ ಎರಡನೆಯ ಪಂಕ್ತಿ ಹನ್ನೆರಡು. ಅಕ್ಕಿ, ಬೇಳೆ, ಬೆಲ್ಲ, ಎಣ್ಣೆಯನ್ನು ಮುಚ್ಚಿದ ಮಾಡಗಳಿಂದ ವಿಶೇಷ ಅಪ್ಪಣೆ ಪಡೆದು ತಂದಿದ್ದೆವು. ಉಳಿದದ್ದೆಲ್ಲ ಸಂತೆಯದು. ನಾನು ಅಷ್ಟು ವರ್ಷ ಅಡುಗೆ ಮಾಡಿದವಳಾದರೂ ಒಣ ಕಾಳು, ಒಣ ಪುಡಿ ಬಿಟ್ಟು ಏನನ್ನೂ ಬೇಯಿಸಿದವಳಲ್ಲ. ಹಸಿ ತರಕಾರಿ ಈಳಿಗೆಗೆ ಸಿಕ್ಕಿ ಸೀಳುವಾಗ ಬರುವ ಸಪ್ಪಳವನ್ನೇ ಅಂದು ಮೊದಲ ಬಾರಿ ಕೇಳಿದೆ. ಉಳ್ಳಾಗಡ್ಡಿ ಹೆಚ್ಚುವಾಗ ಕಣ್ಣಲ್ಲಿ ನೀರು ಬಂದದ್ದಕ್ಕೆ ಶಶಿರೇಖಾ ಹೆದರಿ, "ಅಕ್ಕಾ, ಕಣ್ಣು ಹೋಗ್ತಾವೇನ?" ಎಂದು ಎದ್ದು ನಿಂತಳು. ಪುಸ್ತಕ ತೆಗೆದು ತೋರಿಸಿದ ಮೇಲೆ ನಕ್ಕಳು. ಅಳುತ್ತ ನಗುತ್ತ ಹೆಚ್ಚಿದೆವು.

ಹುಣಸೆ ಚಿಗುರನ್ನು ತೊಗರಿಬೇಳೆಯ ಜೊತೆ ಬೇಯಿಸಿ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟೆವು. ಬೇಳೆಯ ಹಳದಿಯಲ್ಲಿ ಚಿಗುರಿನ ಕೆಂಪು ಕರಗಿ ಕಂದಾಯಿತು, ಮನೆಯೆಲ್ಲ ಹುಳಿಯ ಹಬೆ. ಮಾವಿನಕಾಯಿ ತುರಿದು ಚಿತ್ರಾನ್ನ ಕಲಸಿದೆವು. ನುಗ್ಗೆಕಾಯಿಯ ಸಾರಿಗೆ ಎಷ್ಟು ಹೊತ್ತು ಬೇಯಿಸಬೇಕೆಂದು ತಿಳಿಯದೆ, ಮೊದಲ ಪಾತ್ರೆಯಲ್ಲಿ ಅದು ನಾರುನಾರಾಗಿ ಬಿಚ್ಚಿಕೊಂಡಿತು. ಸೋರೆಕಾಯಿ ಪಲ್ಯಕ್ಕೆ ಕಡಲೆಬೇಳೆ ನೆನೆಸಿಟ್ಟಿದ್ದೆ. ಏಳರಲ್ಲಿ ಐದನ್ನು ದೊಡ್ಡ ಪಾತ್ರೆಗೆ, ಎರಡನ್ನು ಆಮೇಲೆ ಬಿಸಿಬಿಸಿಯಾಗಿ ಎರಡನೆಯ ಪಂಕ್ತಿಗೆ ಎಂದು ತೆಗೆದಿಟ್ಟೆ. ದ್ಯಾಮವ್ವ ಹೇಳಿದಂತೆ ಐದರ ತುದಿಯನ್ನೂ ಕೊಯ್ದು ನಾಲಗೆಗೆ ಹಚ್ಚಿ ನೋಡಿದೆ. ಐದೂ ಸಪ್ಪಗಿದ್ದವು, ಹಸಿ ಹಾಲಿನಂತೆ.

ಮೊದಲ ಪಂಕ್ತಿ ಕುಳಿತಿತು. ಎಲೆಗೆ ಮೊದಲು ಬೇವು-ಬೆಲ್ಲ. ಅರವತ್ತೊಂದು ವರ್ಷ ನಾವು ಯುಗಾದಿಯಲ್ಲಿ ಸಿಹಿ ಬಿಲ್ಲೆಯೊಂದನ್ನೇ ಮುರಿದು, ಬೇವು ಎಂದು ಬಾಯಲ್ಲಿ ಹೇಳಿಕೊಂಡು ತಿಂದವರು. ಅಂದು ನಿಜವಾದ ಹೂವು. ಜನ ನಾಲಗೆಗಿಟ್ಟ ಕೂಡಲೆ ಮುಖ ಹಿಂಡಿದರು, ಉಗುಳಲು ಎದ್ದರು. ನಾನು ನಡುಮನೆಯಲ್ಲಿ ನಿಂತು ಪುಸ್ತಕದಲ್ಲಿ ಓದಿದ್ದನ್ನು ದೊಡ್ಡ ದನಿಯಲ್ಲಿ ಹೇಳಿದೆ: ಕಹಿಯನ್ನು ಉಗುಳಬಾರದು, ವರ್ಷದ ಮೊದಲ ದಿನ ಕಹಿಯನ್ನು ನುಂಗಿದವರು ವರ್ಷವಿಡೀ ಕಷ್ಟ ತಾಳುತ್ತಾರೆ. ಎಲ್ಲರೂ ನುಂಗಿದರು. ಮಾಸ್ತರರು ಚಪ್ಪಾಳೆ ತಟ್ಟಿದರು. ನನಗೆ ಹೆಮ್ಮೆಯಾಗಿತ್ತು.

ಊಟ ಎರಡು ತಾಸು ನಡೆಯಿತು. ಯಾರೂ ಏಳಲೊಲ್ಲರು. ಎರಡನೆಯ ಪಂಕ್ತಿಗೆ ತಡವಾಗಿ, ಮಾಸ್ತರರು ಹಸಿದು ಕುಳಿತಿದ್ದಾರೆಂದು ನಾನು ಗಡಿಬಿಡಿಯಲ್ಲಿ ಉಳಿದ ಎರಡು ಸೋರೆಕಾಯಿಯ ಸಿಪ್ಪೆ ಹೆರೆದು ಹೆಚ್ಚಿದೆ. ತುದಿ ಕೊಯ್ಯುವಾಗ ದ್ಯಾಮವ್ವನ ಮಾತು ನೆನಪಿಗೆ ಬಂತು. ಬರಲಿಲ್ಲ ಎಂದರೆ ಸುಳ್ಳಾದೀತು. ಐದೂ ಚೆನ್ನಾಗಿದ್ದವಲ್ಲ, ಎಲ್ಲ ಒಂದೇ ಕೈಯ ಬೆಳೆ ಎಂದು ಮನಸ್ಸಿನಲ್ಲೇ ಹೇಳಿಕೊಂಡು ತುದಿಗಳನ್ನು ಬುಟ್ಟಿಗೆ ಎಸೆದೆ.

ಬಡಿಸಿದ ಮೇಲೆ ಪಂಕ್ತಿಯ ಕೊನೆಯಲ್ಲಿದ್ದ ಒಬ್ಬ ಹೆಂಗಸು, "ಪಲ್ಲೆ ಭಾಳ ಕಹಿ ಐತಲ್ಲವಾ?" ಎಂದಳು.

ನಾನು ನಗುತ್ತ, "ಇವತ್ತ ಯುಗಾದಿ. ಕಹೀನೂ ನುಂಗಬೇಕು," ಎಂದೆ.

ಅವಳು ಒಂದು ತುತ್ತು ನುಂಗಿ ಎಲೆಯ ಮೂಲೆಗೆ ಸರಿಸಿದಳು. ಉಳಿದವರೂ ಸ್ವಲ್ಪ ಸ್ವಲ್ಪ ತಿಂದರು. ಮಾಸ್ತರರು ಮಾತ್ರ ಎಲೆಯ ಮೇಲಿದ್ದದ್ದನ್ನೆಲ್ಲ ಬಳಿದು ತಿಂದರು. ಅವರೇ ಬಿಟ್ಟರೆ ನಾಳೆ ಸಂತೆಗೆ ಯಾರು ಬಂದಾರು ಎಂಬ ಯೋಚನೆ ಅವರಿಗಿತ್ತೆಂದು ನನಗೆ ಅನ್ನಿಸುತ್ತದೆ. ಎಲ್ಲರಿಗೂ ಕೇಳಿಸುವಂತೆ, "ತಾರಿಣಿ, ಇನ್ನೊಂದಿಷ್ಟ ಹಾಕು," ಎಂದರು. ನಾನು ಸೌಟು ತುಂಬ ಹಾಕಿದೆ. ನಾನೂ ಶಶಿರೇಖಾಳೂ ಇನ್ನೂ ಉಂಡಿರಲಿಲ್ಲ.

ಅರ್ಧ ತಾಸಿನೊಳಗೆ ವಾಂತಿ ಶುರುವಾಯಿತು. ಮೊದಲು ಆ ಹೆಂಗಸಿಗೆ, ಆಮೇಲೆ ಸಾಲಾಗಿ ಎಲ್ಲರಿಗೂ. ಮಾಸ್ತರರು ಗೋಡೆ ಹಿಡಿದುಕೊಂಡು ಅಂಗಳಕ್ಕೆ ಹೋದವರು ಅಲ್ಲೇ ಕುಸಿದರು. ವಾಂತಿಯಲ್ಲಿ ರಕ್ತ ಕಂಡು ಶಶಿರೇಖಾ ಕಿರುಚಿಕೊಂಡಳು. ಹನ್ನೆರಡೂ ಜನರನ್ನು ದವಾಖಾನೆಗೆ ಒಯ್ದೆವು. ಎಲೆಬೇಗೆ ಮತ್ತೆ ಬಂತೆಂದು ಊರೆಲ್ಲ ಸುದ್ದಿ ಹಬ್ಬಿ ಸಂತೆಯ ಬಯಲಿಗೆ ಸಂಜೆಯೊಳಗೆ ಬೇಲಿ ಬಿತ್ತು. ಅದು ಎಲೆಬೇಗೆಯಲ್ಲ ಎಂದು ಡಾಕ್ಟರರು ಮರುದಿನ ಹೇಳಿದರು. ಸೋರೆಯ ಬಳ್ಳಿಗೆ ಕಾಡುಸೋರೆಯ ಹೂವಿನ ಧೂಳು ಕೂಡಿದರೆ ಮುಂದಿನ ಬೀಜದಿಂದ ಕೆಲವೊಮ್ಮೆ ಕಹಿ ಕಾಯಿ ಹುಟ್ಟುತ್ತದೆ, ಅಂಥ ಕಹಿ ವಿಷ, ಬೇಯಿಸಿದರೂ ಹೋಗುವುದಿಲ್ಲ. ಹಳೆಯ ವೈದ್ಯಕೀಯ ಬರಹಗಳಲ್ಲಿ ಹುಡುಕಿದಾಗ ಅವರಿಗೂ ಅದು ಆಗಲೇ ತಿಳಿದದ್ದು. ಹನ್ನೊಂದು ಜನ ನಾಲ್ಕಾರು ದಿನದಲ್ಲಿ ಎದ್ದು ಕುಳಿತರು. ರೇವಣಪ್ಪ ಮಾಸ್ತರರು ಮೂರನೆಯ ದಿನ ಮಧ್ಯಾಹ್ನ ತೀರಿಕೊಂಡರು.

ಇನ್ನು ಬರೆಯಬೇಕಾದದ್ದು ಕಷ್ಟದ ಭಾಗ. ಆಹಾರ ಕಾವಲು ಮಂಡಳಿಯ ಅಧಿಕಾರಿ ಐದನೆಯ ದಿನ ವಿಚಾರಣೆಗೆ ಬಂದರು. ಕಾಯಿ ಮಾರಿದವಳು ಮುನ್ನೆಚ್ಚರಿಕೆ ಕೊಟ್ಟಿದ್ದಳೋ ಇಲ್ಲವೋ ಎಂಬುದೊಂದೇ ಅವರಿಗೆ ಬೇಕಾಗಿದ್ದ ಸಂಗತಿ. ಕೊಟ್ಟಿದ್ದರೆ ತಪ್ಪು ಅಡುಗೆಯವಳದು, ಒಲೆಯ ಪರವಾನಿಗೆ ರದ್ದು. ಕೊಡದಿದ್ದರೆ ತಪ್ಪು ಬೆಳೆದವಳದು, ಅವಳ ಬೆಳೆ, ಬೀಜ ಎಲ್ಲ ಜಪ್ತಿ. ದ್ಯಾಮವ್ವ ನನ್ನ ಎದುರಿಗೇ ನಿಂತು, "ಹೇಳೀನ್ರೀ ಸಾಹೇಬ್ರ, ಒಂದನ್ನೂ ಬಿಡಬ್ಯಾಡ ಅಂತ ಹೇಳೀನಿ. ಆಕೀನ್ನ ಕೇಳ್ರಿ," ಎಂದಳು.

ಅಧಿಕಾರಿ ನನ್ನ ಕಡೆ ತಿರುಗಿದರು. ಮೂಲೆಯಲ್ಲಿ ಶಶಿರೇಖಾ ಕುಳಿತಿದ್ದಳು. ನಾನು, "ಸಂತಿ ಗದ್ದಲದಾಗ ಏನ ಅಂದ್ರೋ ನನಗ ನೆನಪಿಲ್ರಿ," ಎಂದೆ.

ಒಲೆಯ ಆಸೆಗೆ ಹಾಗೆಂದೆ ಎಂದು ಹೇಳಿದರೆ ಅರ್ಧ ನಿಜವಾಗುತ್ತದೆ. ಉಳಿದರ್ಧ ಮೂಲೆಯಲ್ಲಿ ಕುಳಿತಿದ್ದವಳಿಗೆ ನಿಜ ತಿಳಿದೀತೆಂಬ ಭಯ. ದ್ಯಾಮವ್ವ ನನ್ನ ಮುಖವನ್ನು ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ಹೊರಗೆ ನಡೆದಳು. ಎಂಟನೆಯ ದಿನ ಮಂಡಳಿಯವರು ಅವಳ ಬಳ್ಳಿಗಳನ್ನು ಬೇರು ಸಹಿತ ಕಿತ್ತು ಒಟ್ಟಿದರು. ಗಡಿಗೆಗಳನ್ನು ಹೊರಗೆ ತಂದು ಒಂದೊಂದಾಗಿ ಬೆಂಕಿಗೆ ಬೋರಲು ಹಾಕಿದರು. ಸೋರೆ, ಹೀರೆ, ಬದನೆ, ಅವರೆ, ಹೆಸರು ಗೊತ್ತಿಲ್ಲದ ಇನ್ನೆಷ್ಟೋ. ನಾನು ಬೇಲಿಯ ಈಚೆ ನಿಂತಿದ್ದೆ. ಬೀಜಗಳು ಸಿಡಿಯುವ ಸಪ್ಪಳ ಸಾಸಿವೆ ಒಗ್ಗರಣೆಯಂತೆಯೇ ಇತ್ತು. ಮೊದಲೇ ಕ್ಷಮೆ ಕೇಳಿದ್ದೇನೆ, ನನಗೆ ಬೇರೆ ಹೋಲಿಕೆ ಬರುವುದಿಲ್ಲ.

ಆಮೇಲೆ ನನಗೆ ಊಟ ಸೇರಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಶಶಿರೇಖಾಳ ಮನೆಗೆ ಹೋದೆ. ಅವಳು ತಂದೆಯ ಅಂಗಿಗಳನ್ನು ಮಡಚುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ದ್ಯಾಮವ್ವ ಹೇಳಿದ್ದು, ಐದನ್ನು ನೋಡಿದ್ದು, ಎರಡನ್ನು ಬಿಟ್ಟದ್ದು, ನೆನಪಿಲ್ಲ ಎಂದು ಸುಳ್ಳಾಡಿದ್ದು.

ಅವಳು ಮಡಚಿದ ಅಂಗಿಯನ್ನು ಬದಿಗಿಟ್ಟು ಇನ್ನೊಂದನ್ನು ಎತ್ತಿಕೊಂಡಳು. "ನಮ್ಮಪ್ಪ ಎರಡನೇ ಸಲ ಹಾಕಿಸ್ಕೊಂಡಾಗ ನೀ ಅವನ ಮಾರಿ ನೋಡಿದ್ಯಾ, ಅಕ್ಕಾ?" ಎಂದಳು.

"ಇಲ್ಲ."

"ನಾ ನೋಡ್ದೆ. ಅವಗ ನುಂಗಾಕ ಆಗವಲ್ಲದಾಗಿತ್ತು. ನಿನ್ನ ಅಡಗಿ ಅಂತ ನುಂಗಿದ." ಕೈಯಲ್ಲಿದ್ದ ಅಂಗಿಯನ್ನು ಮತ್ತೆ ಬಿಚ್ಚಿ ಮತ್ತೆ ಮಡಚಿದಳು. "ನನ್ನ ಹತ್ತರ ಬಂದು ಏನ ಮಾಡ್ತಿ? ಆ ಮುದುಕಿ ಬೀಜ ಸುಡೂದರ ಒಳಗ ಬರಬೇಕಿತ್ತು ನೀ."

ಅಲ್ಲಿಂದ ನೇರವಾಗಿ ಮಂಡಳಿಗೆ ಹೋಗಿ ಹೇಳಿಕೆ ಬರೆದುಕೊಟ್ಟೆ. ಅಧಿಕಾರಿ ಎರಡು ಸಲ ಓದಿಸಿದರು. ನನ್ನ ಪರವಾನಿಗೆ ಹೋಯಿತು, ಒಲೆಯನ್ನು ಇಟ್ಟಿಗೆ ಹಾಕಿ ಮುಚ್ಚಿದರು. ದ್ಯಾಮವ್ವನ ಮೇಲಿನ ಆಪಾದನೆ ತೆಗೆದರು, ನೆಲ ಮರಳಿ ಕೊಟ್ಟರು. ಬಿತ್ತುವುದಕ್ಕೆ ಏನು ಉಳಿದಿತ್ತು?

ಅವಳ ಗುಡಿಸಲಿಗೆ ಹೋಗಲು ನನಗೆ ಇನ್ನೂ ಒಂದು ವಾರ ಬೇಕಾಯಿತು. ಅವಳು ಬಾಗಿಲಲ್ಲಿ ಕುಳಿತು ಖಾಲಿ ಗಡಿಗೆಗಳನ್ನು ತೊಳೆಯುತ್ತಿದ್ದಳು. ನಾನು ಕಾಲಿಗೆ ಬೀಳಲು ಬಗ್ಗಿದಾಗ ಒದ್ದೆ ಕೈಯಿಂದ ತಡೆದಳು.

"ಮಾಸ್ತರ್ ಸತ್ತದ್ದರಾಗ ನಂದೂ ಪಾಲು ಐತಿ," ಎಂದಳು. "ನಾ ನೋಡು ಅಂತ ಹೇಳಿದೆ, ಯಾಕ ನೋಡಬೇಕು ಅಂತ ಹೇಳಲಿಲ್ಲ. ನಮ್ಮವ್ವನೂ ನನಗ ಯಾಕ ಅಂತ ಹೇಳಿರಲಿಲ್ಲ. ಹೇಳೂ ಜರೂರ ಇರಲಿಲ್ಲ ಆಗ. ಹಾಗಲಕಾಯಿಗೆ ಕಹಿ ಸ್ವಭಾವ, ಸೋರೀಕಾಯಿಗೆ ಕಹಿ ಅಂದ್ರ ವಿಷ. ಇದು ಊರಾಗಿನ ಕೂಸು-ಕುನ್ನಿಗೆಲ್ಲ ಗೊತ್ತಿದ್ದ ಮಾತು. ನಿಮಗ ಗೊತ್ತಿರಂಗಿಲ್ಲ ಅಂತ ನನಗ ಹೊಳೀಲೇ ಇಲ್ಲ."

ನಾನು ಬೀಜದ ಮಾತು ತೆಗೆದೆ.

"ಅದನ್ನ ತಗೀಬ್ಯಾಡ," ಎಂದಳು. "ಅದನ್ನ ನಾ ಮಾಫಿ ಮಾಡೂದಿಲ್ಲ. ಆದರ ನಾಳೆ ಬಾ. ನನಗ ಗೊತ್ತಿದ್ದದ್ದು ಹೇಳ್ತೀನಿ, ಬರಕೋ. ನಾ ಇನ್ನೆಷ್ಟು ದಿನ ಇರ್ತೀನಿ?"

ಅಂದಿನಿಂದ ಒಂದು ವರ್ಷ ಪ್ರತಿದಿನ ಹೋಗಿದ್ದೇನೆ. ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ. ಯಾವ ಅಣಬೆಯನ್ನು ಮುಟ್ಟಬಾರದು. ಕೆಸುವಿನ ಎಲೆಯನ್ನು ಹುಣಸೆಹುಳಿ ಹಾಕದೆ ಬೇಯಿಸಿದರೆ ಗಂಟಲು ಯಾಕೆ ಕೆರೆಯುತ್ತದೆ. ಹಸಿರು ತಿರುಗಿದ ಆಲೂಗಡ್ಡೆಯನ್ನು ಏನು ಮಾಡಬೇಕು. ಕೇಸರಿಬೇಳೆಯನ್ನು ತೊಗರಿಬೇಳೆಯಿಂದ ಹೇಗೆ ಬೇರೆ ಮಾಡಬೇಕು. ಕೆಲವು ದಿನ ಅವಳಿಗೆ ಏನೂ ನೆನಪಾಗುವುದಿಲ್ಲ. ಕೇಳಿದರೆ ಸಿಟ್ಟಾಗುತ್ತಾಳೆ. ಎಲೆಯೋ ಕಾಯೋ ಕಣ್ಣ ಮುಂದಿದ್ದರೆ ಮಾತ್ರ ಅದರ ಮಾತು ಬರುತ್ತದೆ, ಮತ್ತು ಮುಂದೆ ಇಡುವುದಕ್ಕೆ ನಮ್ಮಲ್ಲಿ ಹೆಚ್ಚೇನೂ ಇಲ್ಲ. ಇದ್ದ ಬೀಜಗಳನ್ನು ಸುಡಿಸಿದ್ದು ನಾನೇ ಎಂಬುದು ಇಬ್ಬರಿಗೂ ಗೊತ್ತು.

ಈ ವರ್ಷ ಯುಗಾದಿಗೆ ಸಂತೆಯನ್ನು ಮತ್ತೆ ತೆರೆದರು. ಹತ್ತು ತಟ್ಟಿನ ಬದಲು ನಾಲ್ಕೇ. ಬೇರೆ ಊರಿನಿಂದ ಬೀಜ ತಂದು ಬೆಳೆದ ಒಂದಿಷ್ಟು ಸೋರೆಕಾಯಿ ಬಂದಿದ್ದವು. ನನ್ನನ್ನು ಬಾಗಿಲಲ್ಲಿ ಕೂರಿಸಿದರು. ಬಂದ ಕಾಯಿಯನ್ನೆಲ್ಲ ತುದಿ ಕೊಯ್ದು ರುಚಿ ನೋಡಿ ಒಳಗೆ ಬಿಡುವ ಕೆಲಸ. ಶಶಿರೇಖಾ ಬಂದಳು. ವರ್ಷದಿಂದ ನನ್ನೊಡನೆ ಮಾತಿಲ್ಲ. ನಾನು ನೋಡಿಟ್ಟಿದ್ದ ಕಾಯಿಯೊಂದನ್ನು ಎತ್ತಿಕೊಂಡು, ನನ್ನ ಮುಂದೆಯೇ ಚಾಕು ತೆಗೆದು ಇನ್ನೊಂದು ಹೋಳು ಕೊಯ್ದು ತನ್ನ ನಾಲಗೆಗೆ ಹಚ್ಚಿಕೊಂಡಳು. ಆಮೇಲೆ ಚೀಲಕ್ಕೆ ಹಾಕಿಕೊಂಡು ಹೋದಳು. ನನ್ನ ಮಾತನ್ನು ನಂಬಲಿಲ್ಲ. ನನಗೆ ನೋವಾಯಿತು. ಆದರೆ ಅವಳು ಮಾಡಿದ್ದು ಸರಿ, ಮತ್ತು ಅವಳು ಮತ್ತೆ ಒಲೆಯ ಮುಂದೆ ಕೂರುತ್ತಾಳೆ ಎಂಬುದು ಅದರಿಂದ ನನಗೆ ಗೊತ್ತಾಯಿತು. ಈಗ ಪರವಾನಿಗೆ ಅವಳದು.

ಈಗ ನಿಮ್ಮಲ್ಲಿ ನನ್ನ ಬೇಡಿಕೆ. ನಿಮ್ಮ ಕಾಲದ ಮುನ್ನೂರು ಅಡುಗೆ ಪುಸ್ತಕಗಳು ನಮಗೆ ಸಿಕ್ಕಿವೆ. ಮಾಸ್ತರರು ಕೂಡಿಸಿದವು. ಈ ಒಂದು ವರ್ಷದಲ್ಲಿ ಅವನ್ನೆಲ್ಲ ಮತ್ತೆ ಓದಿದ್ದೇನೆ. ಸೋರೆಕಾಯಿಯ ಪಲ್ಯ, ಸಾಂಬಾರು, ದೋಸೆ, ಹಲ್ವ, ಎಷ್ಟೊಂದು ಬಗೆ. ಎಲ್ಲವೂ ಶುರುವಾಗುವುದು "ಸೋರೆಕಾಯಿಯ ಸಿಪ್ಪೆ ತೆಗೆದು ಹೆಚ್ಚಿಕೊಳ್ಳಿ" ಎಂಬಲ್ಲಿಂದ. ಅದಕ್ಕೆ ಹಿಂದಿನ ಒಂದು ಮಾತು ನಾನು ನೋಡಿದ ಯಾವ ಪುಸ್ತಕದಲ್ಲೂ ಇಲ್ಲ. ನಿಮ್ಮನ್ನು ದೂರುತ್ತಿಲ್ಲ. ಎಲ್ಲರಿಗೂ ಗೊತ್ತಿದ್ದದ್ದನ್ನು ಯಾರು ಬರೆಯುತ್ತಾರೆ? ನೀವು ಬರೆದದ್ದು ಹೊಸ ರುಚಿಗಳನ್ನು. ಪಕ್ಕದ ಮನೆಯವರಿಗೆ ಗೊತ್ತಿಲ್ಲದ್ದನ್ನು.

ಆದ್ದರಿಂದ ಇಂದು ಸಂತೆಯಿಂದ ಬಂದ ಮೇಲೆ ಚೀಲವನ್ನು ಕೆಳಗಿಟ್ಟು ಸ್ವಲ್ಪ ಕುಳಿತುಕೊಳ್ಳಿ. ನಿಮ್ಮ ಕೈ ಯೋಚಿಸದೆ ಏನೇನು ಮಾಡುತ್ತದೆ ಎಂದು ನೋಡಿ. ಯಾವ ಎಲೆಯನ್ನು ಬೇರೆ ತೆಗೆಯುತ್ತದೆ, ಯಾವ ಕಾಯಿಯನ್ನು ಒತ್ತಿ ನೋಡಿ ಮರಳಿ ಇಡುತ್ತದೆ, ಯಾವ ನೀರನ್ನು ಚೆಲ್ಲುತ್ತದೆ. ಅದನ್ನು ಬರೆದಿಡಿ. ಯಾಕೆ ಎಂಬುದನ್ನೂ ಸೇರಿಸಿ. ಇದನ್ನೂ ಬರೆಯಬೇಕೇ ಎಂದು ನಗು ಬಂದರೆ, ಅದನ್ನೇ ಮೊದಲು ಬರೆಯಿರಿ. ನಿಮ್ಮ ಕೈಬರಹ ಕೆಟ್ಟದಿದ್ದರೂ ಚಿಂತೆಯಿಲ್ಲ. ನಾವು ಕಷ್ಟಪಟ್ಟು ಓದುತ್ತೇವೆ.

ದ್ಯಾಮವ್ವನಿಗೆ ಎರಡು ದಿನದಿಂದ ಜ್ವರ. ನಿಮಗೆ ಬರೆಯುತ್ತಿದ್ದೇನೆಂದು ಹೇಳಿದೆ. ಆ ಕಾಲದವರಿಗೆ ಏನಾದರೂ ಹೇಳಬೇಕೇ ಎಂದು ಕೇಳಿದೆ. ಗೋಡೆಯ ಕಡೆ ತಿರುಗಿ ಮಲಗಿದ್ದವಳು, "ಆ ಕಾಲದವರು ಮುದುಕರಾಗೂದ್ರಾಗ ನಮ್ಮವ್ವ ಹುಟ್ಟಿರ್ತಾಳ. ಎಲ್ಲ್ಯಾರ ಸಂತ್ಯಾಗ ಕಂಡ್ರ, ಮಗಳಿಗೆ ಪೂರಾ ಬಿಡಿಸಿ ಹೇಳು ಅನ್ರಿ ಅಂತ ಬರಿ," ಎಂದಳು.

ಅವಳ ತಾಯಿಯ ಹೆಸರು ಹೊನ್ನವ್ವ. ಹುಣಸೆ ಚಿಗುರು ಮಾರುತ್ತಿದ್ದಳಂತೆ.

ನಿಮ್ಮ ಊಟ ಸುಖವಾಗಿರಲಿ.

ತಾರಿಣಿ ಮುಳಗುಂದ